ಜೋಡಿಯಲ್ಲದ ಕದಗಳು

ಕದದ ಕೆಳಗೆ ಕಬ್ಬಿಣದ ಹಾರಿಯ ತುದಿ ತೂರಿಸಿ ಬಕ್ಕಪ್ಪ ಇನ್ನೇನು ಎತ್ತಬೇಕು, ಅಷ್ಟರಲ್ಲಿ ಅಂಜನಾಬಾಯಿ ತಾಯಿಯ ಹೆಣದ ಬಳಿಯಿಂದ ಎದ್ದು ಬಂದು ಹಾರಿಯ ಮೇಲೆ ಕಾಲಿಟ್ಟು ನಿಂತಳು.

"ಕಾಲ ತೆಗಿ," ಎಂದ ಬಕ್ಕಪ್ಪ.

"ಏನ ಮಾಡ್ಲತ್ತೀರಿ ದೊಡ್ಡಪ್ಪ?"

"ಕಾಣಸಂಗಿಲ್ಲೇನು? ಕಟ್ಟಿಗಿ ಇಲ್ಲ. ಕಟ್ಟಿಗಿ ಅಡ್ಡಾಕ್ಕ ಬೀಗ ಬಿದ್ದದ. ಅಡ್ಡಾದ ಮಾಲಕ ಹಬ್ಬಕ್ಕಂತ ಔರಾದಕ್ಕ ಹೋಗ್ಯಾನ. ಊರಾಗಿನ ಮಂದಿ ಹೊಸ ರಾಜ್ಯದ ಮೆರವಣಿಗ್ಯಾಗ ಅದ. ನಾಳಿ ಅಮಾಸಿ, ಭಾಲ್ಕ್ಯಾಗ ನನ್ನ ಅಂಗಡಿ ಪೂಜಿ. ಹೆಣ ಇಟಗೊಂಡು ಎಷ್ಟೊತ್ತ ಕೂಡೂದು?"

"ಅದಕ್ಕ ಅವ್ವನ ಬಾಗಲಾ ಸುಡ್ತೀರೇನ್ರಿ?"

ಗಿರಿಜಾಬಾಯಿ ಹಿಂದಿನ ದಿನ ಸಂಜೆ ತೀರಿಕೊಂಡಿದ್ದಳು. ಮಗಳು ಸಂತಪುರದಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ತೀರಿಹೋದ ಅಪ್ಪನ ಅಣ್ಣ ಬಕ್ಕಪ್ಪ ಭಾಲ್ಕಿಯಿಂದ ರೈಲಿಗೆ. ಮೈಲೂರಿನ ಓಣಿಯವರು ತಮ್ಮ ತಮ್ಮ ಮನೆಯಿಂದ ಕುಳ್ಳು, ಕಡ್ಡಿ, ಮುರಿದ ನೇಗಿಲ ತುಂಡು ತಂದು ಅಂಗಳದಲ್ಲಿ ರಾಶಿ ಹಾಕಿದ್ದರು. ಚಿತೆಯ ಬುಡಕ್ಕೆ ಬೇಕಾದ ದಪ್ಪ ಕಟ್ಟಿಗೆ ಮಾತ್ರ ಸಿಕ್ಕಿರಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಗುಜರಿಯ ಅಬ್ದುಲ ಗಫೂರ ಗಡ್ಡ ನೀವಿಕೊಂಡು ಹೇಳಿದ, "ನಿನ್ನಿ ಹೈದ್ರಾಬಾದ ರಾಜ್ಯದಾಗ ಸತ್ತಳು, ಇವತ್ತ ಮೈಸೂರ ರಾಜ್ಯದಾಗ ಸುಡಬೇಕಾಗ್ಯಾದ. ಗಿರಿಜವ್ವ ಹಳೇದ ಬಿಟ್ಟು ಹೊಸಾದ ಮುಟ್ಟಿದ್ದು ಇದೊಂದ ಸಲ ನೋಡ್ರಿ."

ಯಾರೋ ನಕ್ಕು, ಹೆಣದ ಕಡೆ ನೋಡಿ, ಬಾಯಿಗೆ ಕೈ ಹಿಡಿದರು.

ಅಂಜನಾಬಾಯಿಯ ತಮ್ಮ ದತ್ತಾತ್ರಿ ಒದ್ದೆ ಧೋತರದಲ್ಲಿ ನಿಂತಿದ್ದ. ಅವನು ಕಚೇರಿಯಲ್ಲಿ ಕಾರಕೂನ. "ಹೋಗ್ಲಿ ಬಿಡಕ್ಕಾ," ಎಂದ ಮೆಲ್ಲಗೆ. "ನಾ ಹೊಸಾ ಬಾಗಲಾ ಹಚ್ಚಸ್ತೇನಿ. ಕಚೇರ್ಯಾಗಿನವರು ಬಂದ್ರ ಇದನ್ನ ನೋಡಿ ನಗ್ತಾರ."

ನಗುವಂತೆಯೇ ಇತ್ತು ಆ ಬಾಗಿಲು. ಎಡಗಡೆಯ ಕದದ ಮೇಲೆ ಮಲ್ಲಿಗೆಬಳ್ಳಿಯ ಕೆತ್ತನೆ. ಬಲಗಡೆಯದು ಸಾಲೆಯ ಕರಿಹಲಗೆ. ಒಂದು ಇನ್ನೊಂದಕ್ಕಿಂತ ನಾಲ್ಕು ಬೆರಳು ಗಿಡ್ಡ.

*

ಗಿರಿಜಾಬಾಯಿಯ ಗಂಡ ನರಸಿಂಗ ಸತ್ತ ವರ್ಷ ಮನೆ ಪಾಲಾಯಿತು. ಮುಂದಿನ ಮನೆ ಹಿರಿಯನಾದ ಬಕ್ಕಪ್ಪನಿಗೆ, ಹಿಂದಿನ ದನದ ಕೊಟ್ಟಿಗೆ ತಮ್ಮನ ಹೆಂಡತಿಗೆ. ಎರಡಕ್ಕೂ ನಡುವೆ ಒಂದೇ ಗೋಡೆ, ಹೊರಗೆ ಒಂದೇ ಅಂಗಳ. ಕೊಟ್ಟಿಗೆಗೆ ಬಾಗಿಲ ತೆರಪು ಇತ್ತು, ಕದ ಇರಲಿಲ್ಲ. ಗಿರಿಜಾಬಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಸಣ್ಣ ಮಕ್ಕಳವ ಭಾವಾ, ಒಂದು ಕದ ಕೊಡಸ್ರಿ," ಅಂದಿದ್ದಳು.

"ಕೊಟಗಿಗಿ ಕದ ಯಾವಾಗಿತ್ತು?" ಎಂದಿದ್ದ ಬಕ್ಕಪ್ಪ. ಮುಂದಿನ ಮನೆಗೆ ಬೀಗ ಹಾಕಿ, ಭಾಲ್ಕಿಯಲ್ಲಿ ಎಣ್ಣೆಯ ಅಂಗಡಿ ಇಟ್ಟುಕೊಂಡು ಅಲ್ಲೇ ಉಳಿದ. ಬಾಡಿಗೆಗೂ ಕೊಡಲಿಲ್ಲ.

ಗಿರಿಜಾಬಾಯಿ ಸೆಗಣಿಯ ಗುಂಡಿ ಮುಚ್ಚಿ ನೆಲ ಬಡಿದಳು. ಕೆಮ್ಮಣ್ಣು, ಹೊಟ್ಟು ಕಲಸಿ ಗೋಡೆ ಮೆತ್ತಿದಳು. ಮುರಿದ ಬಂಡಿಯ ಗಾಲಿಯನ್ನು ಅರ್ಧಕ್ಕೆ ಕೊಯ್ದು ಕಿಟಕಿಗೆ ಕೂರಿಸಿದಾಗ ಓಣಿಯ ಹೆಂಗಸರು ನೋಡಲು ಬಂದರು. ನೋಡಿ ನಕ್ಕು, ಹೋಗುವಾಗ ತಮ್ಮ ಮನೆಯ ಸೋರುವ ಮೂಲೆಯನ್ನೂ ಒಮ್ಮೆ ನೋಡಿ ಹೋಗೆಂದರು. ಮಂದಿಯ ಮನೆಯ ಕಸ ಆರಿಸುವವಳು ಎಂದು ಹಿಂದಿನಿಂದ ಆಡಿಕೊಂಡವರೂ ಅವರೇ.

ಚೌಬಾರ ಬುರುಜಿನ ಹಿಂದಿನ ಗುಜರಿಯಲ್ಲಿ ಆಗ ಶ್ರೀಮಂತರ ದೇವಡಿಗಳ ಸಾಮಾನು ಬಂದು ಬೀಳುತ್ತಿತ್ತು. ಮನೆ ಖಾಲಿ ಮಾಡಿ ಹೈದರಾಬಾದಿಗೆ ಹೋದವರು ಬಿಟ್ಟುಹೋದದ್ದು.

"ಇದು ಒಂದೇ ಅದ ಅವ್ವಾ," ಎಂದ ಅಬ್ದುಲ ಗಫೂರ, ಮಲ್ಲಿಗೆಬಳ್ಳಿಯ ಕದ ತೋರಿಸಿ. "ಇದರ ಜೋಡಿ ಸೀಳಿ ಹೋಗ್ಯಾದ. ಒಂಟಿ ಕದ ಒಯ್ದು ಏನ ಮಾಡ್ತಿ?"

"ನನ್ನ ಮನ್ಯಾಗೂ ಜೋಡಿ ಉಳದಿಲ್ಲಪ್ಪಾ. ಕೊಡು."

ತಲೆಯ ಮೇಲೆ ಹೊತ್ತು ತಂದಳು. ಕದದ ಬುಡದ ತಿರುಗಣಿ ಗೂಟಕ್ಕೆ ಕಲ್ಲಿನಲ್ಲಿ ಕುಣಿ ತೋಡಿದಳು. ಎತ್ತಿ ಕೂರಿಸುವಾಗ ದತ್ತಾತ್ರಿ ಕಲ್ಲಿನಿಂದ ಬಡಿಯಲು ಹೋದರೆ ಕೈ ಹಿಡಿದಳು. "ಬಡೀಬ್ಯಾಡ ತಮ್ಮಾ. ಎತ್ತು. ಬಡದ್ರ ಸೀಳ್ತದ, ಎತ್ತಿದ್ರ ತಾನೇ ಕೂಡ್ತದ."

ಅರ್ಧ ಬಾಗಿಲಿಗೆ ಕದ ಬಂತು. ಉಳಿದ ಅರ್ಧಕ್ಕೆ ಎರಡು ಮಳೆಗಾಲ ಅವಳೇ ಅಡ್ಡ ಮಲಗಿದಳು, ಬೆನ್ನು ಹೊರಗೆ, ಮುಖ ಮಕ್ಕಳ ಕಡೆಗೆ. ಬೀದಿಯ ನಾಯಿ ಒಮ್ಮೆ ಅವಳ ಮೊಣಕೈ ಕಚ್ಚಿತು. ಆಮೇಲೆ ಸಾಲೆಯವರು ಬಿರುಕುಬಿಟ್ಟ ಕರಿಹಲಗೆ ಬಿಸಾಕಿದರು. ಅದರ ಕರಿ ಮುಖವನ್ನು ಒಳಗೆ ಬರುವಂತೆ ಕೂರಿಸಿ, ಮಗನ ಕೈಗೆ ಸುಣ್ಣದ ತುಂಡು ಕೊಟ್ಟಳು. ಉರ್ದು ಸಾಲೆಯಲ್ಲಿ ಓದುತ್ತಿದ್ದ ದತ್ತಾತ್ರಿ ಕನ್ನಡ ಅಕ್ಷರ ತಿದ್ದಿದ್ದು ಆ ಕದದ ಮೇಲೆ. ಕನ್ನಡ ಬರೆಯಲು ಬರುತ್ತದೆಂದೇ ಅವನಿಗೆ ಕಾರಕೂನಿಕೆ ಸಿಕ್ಕಿತ್ತು.

*

"ಕಾಲ ತೆಗಿ ಅಂದ್ನಲ್ಲ," ಎಂದ ಬಕ್ಕಪ್ಪ. "ಆಕಿ ಇದ್ರ ಆಕಿನೇ ಹೇಳ್ತಿದ್ದಳು, ಇದನ್ನೇ ಹಾಕ್ರಿ ಅಂತ. ಒಂದು ಕಡ್ಡಿ ಹಾಳ ಮಾಡಾಕಿ ಅಲ್ಲ. ಅಂಥಾ ಜಿಪುಣಿ."

"ಹೇಳ್ತಿದ್ದಳ್ರಿ," ಎಂದಳು ಅಂಜನಾಬಾಯಿ. ಅವಳ ದನಿ ಏರಲಿಲ್ಲ. "ಆಕಿ ನಮ್ಮ ಸಲುವಾಗಿ ಹೇಳ್ತಿದ್ದಳು. ನೀವು ನಿಮ್ಮ ಸಲುವಾಗಿ ಹೇಳ್ಲತ್ತೀರಿ."

ಹೆಣದ ತಲೆಯ ಬದಿಗೆ ಕೂತಿದ್ದ ಪಕ್ಕದ ಮನೆಯ ವಜೀರಬೀ ಅಂದಳು, "ಬಕ್ಕಪ್ಪಣ್ಣ, ಇವತ್ತ ಈ ಕದ ತೆಗದ್ರ ರಾತ್ರಿ ಗಿರಿಜವ್ವನ ಮಕ್ಕಳು ಎಲ್ಲಿ ಮಲಗಬೇಕು? ಸೂತಕದ ಮನಿ."

"ದತ್ತಾತ್ರಿ ಹೊಸಾದು ಹಚ್ಚಸ್ತಾನಂತ ಅಂದಾನಲ್ಲ. ಸರ್ಕಾರಿ ನೌಕರ. ಈ ಕಸ ಇಟಗೊಂಡು ಏನ ಮಾಡ್ತಾನ?" ಬಕ್ಕಪ್ಪ ಕೋಟಿನ ಗುಂಡಿ ಬಿಚ್ಚಿದ. ಸುತ್ತ ನಿಂತವರನ್ನು ಸಾಕ್ಷಿಗೆ ಕರೆಯುವಂತೆ ಕೈ ಆಡಿಸಿದ. "ನೀವೇ ಹೇಳ್ರಿ, ಇದಕ್ಕ ಬಾಗಲಾ ಅಂತಾರೇನು? ಬಾಗಲಾ ಅಂದ್ರ ನಮ್ಮ ಮುಂದಿನ ಮನಿದು. ನಮ್ಮ ಅಜ್ಜ ಮಾಡಿಸಿದ್ದು. ಅಸಲ ಸಾಗವಾನಿ. ಒಂದೊಂದ ಕದ ನಾಲ್ಕ ಮಂದಿ ಎತ್ತಬೇಕು."

ಎಲ್ಲರೂ ತಿರುಗಿ ಮುಂದಿನ ಮನೆಯ ಬಾಗಿಲು ನೋಡಿದರು. ದೂರದಲ್ಲಿ ಮೆರವಣಿಗೆಯ ಬಾಜಾ ಕೇಳುತ್ತಿತ್ತು.

ಬಕ್ಕಪ್ಪನಿಗೆ ತಾನು ಆಡಿದ್ದು ತಡವಾಗಿ ತಿಳಿಯಿತು.

ಅಂಜನಾಬಾಯಿ ಹಾರಿಯ ಮೇಲಿಂದ ಕಾಲು ತೆಗೆದಳು. ಬಗ್ಗಿ ಅದನ್ನು ಎಳೆದುಕೊಂಡು ಅಂಗಳ ದಾಟಿ ಮುಂದಿನ ಮನೆಯ ಕಡೆ ನಡೆದಳು. ಹಾರಿ ಅವಳ ಶಕ್ತಿಗೆ ಮೀರಿತ್ತು. ತುದಿ ನೆಲಕ್ಕೆ ಉಜ್ಜುತ್ತಿತ್ತು. ದತ್ತಾತ್ರಿ ಹಿಂದೆ ಓಡಿಬಂದು ಅದನ್ನು ಕಸಿದುಕೊಂಡ.

"ಶಾಣ್ಯಾ ಇದ್ದಿ," ಎಂದ ಬಕ್ಕಪ್ಪ, ಉಸಿರುಬಿಟ್ಟು. "ಇತ್ತ ತಗೊಂಡ ಬಾ."

ದತ್ತಾತ್ರಿ ಮುಂದಿನ ಮನೆಯ ಹೊಸ್ತಿಲ ಮುಂದೆ ಮೊಣಕಾಲೂರಿದ. ಕದದ ಕೆಳಗಿನ ಸಂದಿಯಲ್ಲಿ ಕೈಯಾಡಿಸಿ ತಿರುಗಣಿ ಎಲ್ಲಿದೆ ಎಂದು ನೋಡಿದ. ಹಾರಿ ತೂರಿಸಿದ. ಬಡಿಯಲಿಲ್ಲ.

"ಲೇ, ಅದು ಬಾಗಲಾ ಅದ."

"ಹೌದ್ರಿ."

"ಬೀಗ ಹಾಕಿದ ಬಾಗಲಾ."

"ಬೀಗ ಮುಟ್ಟೂದಿಲ್ರಿ," ಎಂದು ದತ್ತಾತ್ರಿ ಹಾರಿಯ ಮೇಲೆ ಭಾರ ಹಾಕಿದ. ತಿರುಗಣಿ ಕುಣಿಯಿಂದ ಎದ್ದು ಕದ ಒಳಕ್ಕೆ ವಾಲಿತು.

"ನಾನು ಭಾಲ್ಕಿಗಿ ಹೋದ ಮ್ಯಾಗ ಮನಿ ತೆರದ ಬೀಳ್ತದ. ನಾಯಿ ಹೊಕ್ಕಾವು. ಏ, ಹಿರೇರು ನಿಂತೀರಿ, ಒಂದ ಮಾತ ಹೇಳ್ರಿ ಅವನಿಗಿ."

ಹಿರಿಯರು ನೆಲ ನೋಡಿದರು. ಅಬ್ದುಲ ಗಫೂರ ಕಟ್ಟೆಯಿಂದ ಇಳಿದು ಬಂದು ಕದದ ಒಂದು ಬದಿ ಹಿಡಿದ. "ನಾಲ್ಕ ಮಂದಿ ಬೇಕಂದ್ರಲ್ಲ ಸಾಹುಕಾರ್ರು. ಇಬ್ಬರು ಆದೆವು. ಇನ್ನಿಬ್ಬರು ಬರ್ರಿ." ಇಬ್ಬರಲ್ಲ, ಆರು ಮಂದಿ ಬಂದರು.

ಎರಡನೆಯ ಕದ ಇಳಿಯುವ ಹೊತ್ತಿಗೆ ಬಕ್ಕಪ್ಪ ದನಿ ತಗ್ಗಿಸಿದ. "ತಡಿ ದತ್ತು. ಟಾಂಗಾ ಮಾಡಿ ಔರಾದಕ್ಕ ಯಾರನ್ನರೆ ಕಳಸ್ತೇನಿ. ಕಟ್ಟಿಗಿ ತರಸ್ತೇನಿ."

"ಬಾಗಲಾ ಇಳೀತ್ರಿ ದೊಡ್ಡಪ್ಪ," ಎಂದ ದತ್ತಾತ್ರಿ. "ಏರಸಾಕ ಈಗ ಪುರಸೊತ್ತಿಲ್ಲ. ಅವ್ವಗ ಹೊತ್ತಾಗ್ತದ."

ಸಾಗವಾನಿ ಕದಗಳು ಕೊಡಲಿಗೆ ಸುಲಭಕ್ಕೆ ಬಗ್ಗಲಿಲ್ಲ. ಪ್ರತಿ ಪೆಟ್ಟಿಗೂ ಬಕ್ಕಪ್ಪ ಕಣ್ಣು ಮುಚ್ಚುತ್ತಿದ್ದ. ಸೀಳಿದ ತುಂಡುಗಳನ್ನು ಬಂಡಿಗೆ ಹೇರಿದ ಮೇಲೆ ಗಿರಿಜಾಬಾಯಿಯನ್ನು ಎತ್ತಿದರು. ಗಂಡಸರು ಸುಡಗಾಡಿನ ದಾರಿ ಹಿಡಿದರು. ಬಕ್ಕಪ್ಪ ಓಣಿಯ ತಿರುವಿನವರೆಗೆ ಹೋಗಿ, ಅಲ್ಲಿಂದ ಸ್ಟೇಷನ್ನಿನ ಕಡೆ ಹೊರಳಿದ.

ಹೆಂಗಸರು ಅಂಗಳ ತೊಳೆದರು. ಕೊಡ ಕೆಳಗಿಡುತ್ತ ವಜೀರಬೀ ಮುಂದಿನ ಮನೆಯತ್ತ ನೋಡಿ ನಿಂತಳು. ಇಳಿಬಿಸಿಲು ತೆರೆದ ಬಾಗಿಲಿಂದ ನೇರ ಒಳಗೆ ಹೋಗಿತ್ತು. ಸಾಮಾನು ತುಂಬಿರಬೇಕು, ಅದಕ್ಕೇ ಬೀಗ, ಎಂದು ಓಣಿಯವರು ಇಷ್ಟು ವರ್ಷ ತಿಳಿದಿದ್ದರು.

ಒಳಗೆ ಏನೂ ಇರಲಿಲ್ಲ. ಪಡಸಾಲೆ, ಅದರಾಚೆ ದೊಡ್ಡ ಕೋಣೆ, ಅದರಾಚೆ ಇನ್ನೊಂದು. ಒಂದು ಕೊಡವಿಲ್ಲ, ಚಾಪೆಯಿಲ್ಲ, ಗೋಡೆಗೆ ಒಂದು ಗೂಟವಿಲ್ಲ. ವಜೀರಬೀಯ ಮೇಕೆ ಪಡಸಾಲೆಯ ನಡುವೆ ಹೋಗಿ, ಸುತ್ತ ನೋಡಿ, ಮಲಗಿತು.

"ಇಷ್ಟ ಜಾಗಾ ಇತ್ತೇನು ಒಳಗ?" ಎಂದಳು ವಜೀರಬೀ.

ಅಂಜನಾಬಾಯಿ ಧೂಳಿನಲ್ಲಿ ಹೆಜ್ಜೆ ಮೂಡಿಸುತ್ತ ಕೊನೆಯ ಕೋಣೆಯವರೆಗೆ ಹೋದಳು. ಬಿಳಿ ಸುಣ್ಣದ ಗೋಡೆಗಳಲ್ಲಿ ಹಿಂದಿನದೊಂದು ಮಾತ್ರ, ಮೊಣಕಾಲೆತ್ತರದ ಬಿರುಕಿನಿಂದ ಮೇಲಕ್ಕೆ, ಬೀಸಣಿಗೆ ಬಿಚ್ಚಿದಂತೆ ಹೊಗೆಯ ಮಸಿ ಹಿಡಿದಿತ್ತು. ಗೋಡೆಯ ಆ ಬದಿಗೆ ಅವ್ವನ ಒಲೆ.