ನಿನ್ನೆಯ ಹಾಳೆಯ ರುಚಿ

ಬಿಸಿಲುಗಾಲದಲ್ಲಿ ಕೊಯ್ದ ಕಡಲಪಾಚಿಯನ್ನು ಪುಡಿ ಮಾಡಿ, ಚಳಿಗಾಲದ ಕೊಯ್ಲೆಂದು ಅಚ್ಚಾದ ಮೂಟೆಗಳಲ್ಲಿ ತುಂಬಿ ಮಕ್ಕಳ ಆಸ್ಪತ್ರೆಯ ಅಡುಗೆಮನೆಗೆ ಕಳಿಸಿದರು. ಪ್ರೋಟೀನು ತುಂಬಿದ ಪಾಚಿಪುಡಿ ಬರುತ್ತಿದೆಯಲ್ಲ ಎಂದು ಅಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಮೊಟ್ಟೆಯನ್ನು ನಿಲ್ಲಿಸಿದರು.

ಪ್ರತಿ ದಿನದ ಮಾಲನ್ನೂ ಜಗಿದು ನೋಡಿ ಒಪ್ಪಿಗೆ ಕೊಟ್ಟವಳು ನಾಲಗೆಯಕ್ಕ.

ಒಣಗಿಸುವ ಶೆಡ್ಡಿನಲ್ಲಿ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ತೊಳೆದು, ಕೊಚ್ಚಿ, ಚಾಪೆಯ ಮೇಲೆ ತೆಳ್ಳಗೆ ಹರಡಿದ ಪಾಚಿ ಒಣಗಿ ಹಾಳೆಹಾಳೆಯಾಗಿ ಎದ್ದು ಬರುತ್ತಿತ್ತು. ಸಾಲಾಗಿ ತೂಗುಹಾಕಿದ ಆ ಹಾಳೆಗಳ ನಡುವೆ ನಡೆದರೆ ನೀರಿನೊಳಗೆ ನಡೆದಂತೆ. ಬೆಳಕು ಹಸಿರಾಗಿ ಸೋರುತ್ತಿತ್ತು. ಮುಖಗಳು ಹಸಿರು, ಕೈಗಳು ಹಸಿರು, ಮಾತುಗಳು ಕೂಡ ತಳದಿಂದ ಗುಳ್ಳೆಗಳಾಗಿ ಮೇಲೆದ್ದು ಬಂದಂತೆ ಮೆತ್ತಗೆ. ಆ ಹಸಿರಿನ ನಡುವೆ ಒಂದು ಮರದ ಸ್ಟೂಲು. ಅದರ ಮೇಲೆ ಕಣ್ಣು ಮುಚ್ಚಿ ಕೂತ ನಾಲಗೆಯಕ್ಕ.

ಮೊದಲು ನಿನ್ನೆ ಒಪ್ಪಿದ ಹಾಳೆಯಿಂದ ಒಂದು ಚೂರು ಜಗಿಯುವಳು. ಬಾಯಿ ಮುಕ್ಕಳಿಸಿ ಇವತ್ತಿನದರಿಂದ ಒಂದು ಚೂರು. ಅವಳು ಕಣ್ಣು ತೆರೆಯುವವರೆಗೆ ಯಾರೂ ಕೆಮ್ಮುವಂತೆಯೂ ಇರಲಿಲ್ಲ. "ನಿನ್ನೆ ಥರಾನೇ ಇದೆ, ಹಾಕಿ" ಎಂದಳೋ, ಪುಡಿ ಮಾಡುವ ಯಂತ್ರ ಗುರ್ರೆನ್ನುವುದು. ಅವಳಿಗಿಂತ ಮುಂಚೆ ಆ ಸ್ಟೂಲಿನ ಮೇಲೆ ಕೂತಿದ್ದ ಅವಳ ಅತ್ತೆಯೂ ಹೀಗೆಯೇ ಮಾಡುತ್ತಿದ್ದಳು. ನಿನ್ನೆಯದನ್ನು ಇಟ್ಟು ಇವತ್ತಿನದನ್ನು ಅಳೆಯುವುದು. ಅದಕ್ಕಿಂತ ನೇರವಾದ ಅಳತೆ ಇನ್ನೇನಿದ್ದೀತು?

"ಯಾಕೋ ಹಾಳೆ ಬಿಳಿಚಿಕೊಂಡಿದೆಯಲ್ಲಕ್ಕಾ" ಎಂದು ಚಾಪೆ ಎತ್ತುವ ಹೆಂಗಸೊಬ್ಬಳು ಒಮ್ಮೆ ಅಂದಿದ್ದಳು.

"ನಿನ್ನ ಕಣ್ಣಿಗೆ ನಿನ್ನ ಗಂಡನೂ ಬಿಳಿಚಿಕೊಂಡಂಗೇ ಕಾಣ್ತಾನೆ" ಎಂದಿದ್ದಳು ನಾಲಗೆಯಕ್ಕ. ಶೆಡ್ಡಿಗೆ ಶೆಡ್ಡೇ ನಕ್ಕಿತ್ತು. ಮಾತು ಅಲ್ಲಿಗೆ ಮುಗಿದಿತ್ತು.

ಅವಳ ತಂಗಿ ಅದೇ ಆಸ್ಪತ್ರೆಯಲ್ಲಿ ಅಡುಗೆಯವಳು. ರಜೆಯ ದಿನ ಮಧ್ಯಾಹ್ನ ಅಕ್ಕನನ್ನು ಊಟಕ್ಕೆ ಕರೆದವಳು ಬಡಿಸುವ ಮೊದಲೇ ಶುರು ಹಚ್ಚಿಕೊಂಡಳು.

"ಅಕ್ಕಾ, ನಿಮ್ಮ ಪುಡಿ ಅಳತೆ ತಪ್ಪದೆ ಹಾಕ್ತಾ ಇದೀನಿ. ನಮ್ಮ ಮಕ್ಕಳು ತೂಕಾನೇ ಏರ್ತಿಲ್ಲ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಂದು ಪುಟ್ಟಿ ಇದಾಳೆ, ಗುಬ್ಬಿ ಅಂತೀನಿ ಅವಳನ್ನ. ಚಳಿಗಾಲದಲ್ಲಿ ನನ್ನ ಗಾಡಿ ಸದ್ದು ಕೇಳಿದ್ರೆ ಎದ್ದು ಕೂರೋಳು. ಈಗ ನಾನೇ ಎತ್ತಿ ಕೂರಿಸ್ಬೇಕು."

"ನಾನು ಜಗಿದು ಕಳಿಸಿದ ಮಾಲು ಕಣೇ ಅದು! ನೀನೇ ಗಂಜಿಗೆ ಬಾವಿ ನೀರೆಲ್ಲಾ ಸುರೀತೀಯೇನೋ."

"ನನ್ನ ಗಂಜಿ ಸುದ್ದಿಗೆ ಬರಬೇಡ. ನೀನು ಮಾಡಿದ್ದನ್ನ ಬೆಕ್ಕೂ ಮೂಸಲ್ಲ." ತಂಗಿ ಕೈಯೊರೆಸಿಕೊಂಡು ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿದಳು. "ತಗೋ, ಚಳಿಯಲ್ಲಿ ನೀನೇ ಕೊಟ್ಟಿದ್ದು, ಒಂದು ಹಾಳೆ ಉಳಿದಿದೆ. ತಿಂದು ಸಿಟ್ಟು ಇಳಿಸ್ಕೋ."

ನಾಲಗೆಯಕ್ಕ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಅಭ್ಯಾಸಬಲದಿಂದ ಕಣ್ಣು ಮುಚ್ಚಿದಳು.

ಅಡುಗೆಮನೆ ಮೆಲ್ಲಗೆ ಕರಗಿಹೋಯಿತು. ಕಾಲಡಿಯ ನೆಲ ತಣ್ಣಗಾಗಿ, ಮೊಣಕಾಲಿನವರೆಗೆ ನೀರು ಏರಿತು. ಕಪ್ಪು ಹಸಿರಿನ ಎಲೆಗಳು, ಅಗಲವಾದ, ನುಣುಪಾದ ಎಲೆಗಳು, ಯಾರದೋ ಬಿಚ್ಚಿದ ಕೂದಲಿನ ಹಾಗೆ ಅವಳ ಸುತ್ತ ತೇಲಿದವು. ಉಪ್ಪು, ಅದರ ಹಿಂದೆ ಒಂದು ದಟ್ಟವಾದ ಸಾರ, ಅದರ ಹಿಂದೆ ತಡವಾಗಿ ಬರುವ ಸಣ್ಣ ಸಿಹಿ. ಆ ಸಿಹಿ ಗಂಟಲಿಗಿಳಿದು ಎದೆಯಲ್ಲಿ ಕೂತಿತು. ಅದು ಹೋಗಿ ಎಷ್ಟು ಕಾಲವಾಗಿತ್ತು! ಹೋದದ್ದು ತನಗೆ ಗೊತ್ತೇ ಆಗಿರಲಿಲ್ಲ. ಸಂಜೆ ಬೆಳಕು ಹೋಗುವುದು ಮನೆಯೊಳಗೆ ಕೂತವರಿಗೆ ಗೊತ್ತಾಗದ ಹಾಗೆ.

ಅವಳು ಊಟ ಮಾಡದೆ ಎದ್ದಳು.

ಮಾರನೆಯ ದಿನ ಶೆಡ್ಡಿಗೆ ಹೋದವಳು ಸ್ಟೂಲಿನ ಮೇಲೆ ಕೂರಲಿಲ್ಲ. ರಜೆಯ ಹಿಂದಿನ ದಿನ ಒಪ್ಪಿಗೆಯಾದ ಹಾಳೆಯೊಂದನ್ನು ಸೆರಗಿನಡಿ ಹಿಡಿದು ಸೀದಾ ಶೆಡ್ಡಿನ ಲ್ಯಾಬಿನ ಹುಡುಗಿಯ ಹತ್ತಿರ ಹೋದಳು. ಆ ಹುಡುಗಿ ಅದನ್ನು ಪರೀಕ್ಷೆಗೆ ಹಾಕಿದಳು. ಮಧ್ಯಾಹ್ನ ಅವಳೇ ಹುಡುಕಿಕೊಂಡು ಬಂದಳು, ಮುಖ ಸಣ್ಣಗಾಗಿತ್ತು.

"ಚಳಿಗಾಲದ ಹಾಳೆಯಲ್ಲಿದ್ದ ಪ್ರೋಟೀನಿನ ಅರ್ಧಕ್ಕಿಂತ ಕಮ್ಮಿ ಇದೆ ಅಕ್ಕಾ. ಚಳಿಯಲ್ಲಿ ನೀರಿಗೆ ಸತ್ವ ಜಾಸ್ತಿ, ಪಾಚಿ ಅದನ್ನ ಹೀರಿ ಕೂಡಿಟ್ಕೊಳ್ಳುತ್ತೆ. ಬಿಸಿಲು ಏರಿದ್ರೆ ನೀರು ಬಡವಾಗುತ್ತೆ, ಪಾಚಿ ನಾರು ಕಟ್ಟುತ್ತೆ. ಇದು ವಿಷ ಏನಲ್ಲ, ತಿನ್ನಬಹುದು. ಆದ್ರೆ ಮೊಟ್ಟೆ ಬದಲು ಇದನ್ನ ಕೊಡೋದು ಅಂದ್ರೆ..." ಅವಳು ತಲೆ ತಗ್ಗಿಸಿದಳು. "ನನಗೆ ಪರೀಕ್ಷೆಗೆ ಕಳಿಸ್ತಾ ಇದ್ದಿದ್ದು ಬರೀ ಚಳಿಗಾಲದ ಹಾಳೆ. ನಾನೂ ಕೇಳಲಿಲ್ಲ."

ಅಷ್ಟರಲ್ಲಿ ಅಳಿಯಂದಿರು ಬಂದರು. ಯಜಮಾನರ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಶೆಡ್ಡಿನ ಉಸ್ತುವಾರಿಯನ್ನೂ ಕಟ್ಟಿಕೊಂಡವರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಅದೇ ಎಲ್ಲರಿಗೂ ಭಯ.

"ಏನಮ್ಮಾ, ಬೆಳಿಗ್ಗೆಯಿಂದ ಯಂತ್ರ ಬಾಯಿ ಮುಚ್ಕೊಂಡು ಕೂತಿದೆ? ಹೊರಗೆ ಲಾರಿ ನಿಂತಿದೆ."

"ಬಿಸಿಲಿನ ಪಾಚಿ ಯಾವಾಗಿಂದ ಬೆರೆಸ್ತಾ ಇದೀರಿ?"

ಅಳಿಯಂದಿರು ನಕ್ಕರು. "ಒಂದೇ ಸಲಕ್ಕೆ ಬೆರೆಸಿದ್ರೆ ನೀವು ಹಿಡಿದುಬಿಡ್ತಿದ್ರಿ. ಅದಕ್ಕೆ ದಿನಕ್ಕೊಂದು ಹಿಡಿ ಜಾಸ್ತಿ. ನಿನ್ನೆ ಥರಾನೇ ಇದೆ ಅಂತ ದಿನಾ ಅಂದಿದ್ದು ನೀವು. ನಾನಲ್ಲ."

ಹಾಳೆಗಳು ಗಾಳಿಗೆ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿದವು. ನಾಲಗೆಯಕ್ಕನಿಗೆ ತಾನು ತುಂಬಾ ಆಳದಲ್ಲಿ ನಿಂತಿದ್ದೇನೆ, ಮೇಲೆ ಯಾರೋ ದೋಣಿಯಿಂದ ಬಗ್ಗಿ ಮಾತಾಡುತ್ತಿದ್ದಾರೆ ಎನ್ನಿಸಿತು. ಗುಬ್ಬಿಯನ್ನು ಅವಳು ನೋಡಿರಲಿಲ್ಲ. ಆದರೂ ಆ ಹಸಿರಿನಲ್ಲಿ ಒಂದು ಪುಟ್ಟ ಕೈ ತೇಲಿ ಬಂತು. ಏನನ್ನೂ ಕೇಳದೆ, ಹಗುರಾಗಿ, ತೀರಾ ಹಗುರಾಗಿ.

"ಅದು ಕಾಯಿಲೆ ಮಕ್ಕಳ ಊಟ" ಎಂದಳು.

"ಮಕ್ಕಳ ಹೊಟ್ಟೆ ತುಂಬ್ತಾ ಇದೆಯಲ್ಲ. ವಿಷ ಅಂತ ಯಾರಾದ್ರೂ ಅಂದ್ರಾ? ಸುಮ್ಮನೆ ತಲೆ ಕೆಡಿಸ್ಕೋಬೇಡಿ. ಹೊರಗೆ ಗೊತ್ತಾದ್ರೆ ಮೊದಲು ಹಾಳಾಗೋದು ನಿಮ್ಮ ಹೆಸರು. ನಾಲಗೆ ಸತ್ತವಳು ಅಂತಾರೆ. ಆಮೇಲೆ ಯಾವ ಶೆಡ್ಡಲ್ಲಿ ನಿಮಗೆ ಕೆಲಸ?"

"ಅನ್ಲಿ. ನನ್ನ ನಾಲಗೆ ಮೋಸ ಹೋಗಿದ್ದು ನಿಜ. ಆಸ್ಪತ್ರೆಗೆ ಹೋಗಿ ನಾನೇ ಹೇಳ್ತೀನಿ, ಮೊಟ್ಟೆ ಶುರು ಮಾಡಿ ಅಂತ."

"ನಾಳೆ ಹೋಗಿ ಹೇಳ್ಕೊಳ್ಳಿ. ಇವತ್ತಿನದು ಹೋಗಲಿ." ಅವರು ಲಾರಿಯವನಿಗೆ ಸನ್ನೆ ಮಾಡಿದರು.

ಮೊನ್ನೆ ತುಂಬಿ ಹೊಲಿದಿಟ್ಟಿದ್ದ ಪುಡಿಯ ಮೂಟೆಗಳು ಬಾಗಿಲ ಪಕ್ಕದಲ್ಲೇ ಒಟ್ಟಿಕೊಂಡಿದ್ದವು. ಲಾರಿಯವನು ಒಂದಕ್ಕೆ ಕೈ ಹಾಕುವಷ್ಟರಲ್ಲಿ ನಾಲಗೆಯಕ್ಕ ಸೀರೆಯ ನೆರಿಗೆ ಒತ್ತಿಕೊಂಡು ಮೂಟೆಗಳ ಮೇಲೆ ಹೋಗಿ ಕೂತಳು. ಲಾರಿಯವನು ಅಳಿಯಂದಿರ ಮುಖ ನೋಡಿದ. ಲ್ಯಾಬಿನ ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಚಾಪೆ ಎತ್ತುವ ಹೆಂಗಸು ಕೈಯಲ್ಲಿದ್ದ ಚಾಪೆ ಕೆಳಗಿಟ್ಟಳು.

"ಏಳಿ ಅಮ್ಮಾ" ಎಂದರು ಅಳಿಯಂದಿರು. ದನಿ ಮೊದಲ ಬಾರಿಗೆ ಏರಿತ್ತು. "ಕೇಳಿಸ್ತಾ ಇಲ್ವಾ? ಏಳಿ."

"ಏಳಲ್ಲ."