ಕೊಳವೆಗೆ ಕೈಯಲ್ಲ, ಕೋಲು

ಜನವರಿ ಇಪ್ಪತ್ತಾರನೆಯ ತಾರೀಕು, ಸೋಮವಾರ. ತೊಚಿಕುಬೊ ಹಳ್ಳಿಯಲ್ಲಿ ಹಿಂದಿನ ಸಂಜೆಯಿಂದ ಬೆಳಗಿನವರೆಗೆ ಬಿದ್ದ ಹಿಮ ಐವತ್ತೆಂಟು ಸೆಂಟಿಮೀಟರ್. ಅಂಗಳದ ಅಳತೆಗೋಲನ್ನು ನೋಡಿ ಬಂದ ತೊಕುಜಿ ಈ ಸಂಖ್ಯೆಯನ್ನು ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಕಡಿಮೆಯಾಗುವಂಥದಲ್ಲ.

"ಎಷ್ಟು?" ಎಂದು ಫುಮಿಎ ಒಲೆಯ ಮುಂದಿನಿಂದಲೇ ಕೇಳಿದಳು.

"ನಿನ್ನೆಯಷ್ಟೇ."

"ನಿನ್ನೆ ಕೇಳಿದ್ರೆ 'ಮೊನ್ನೆಯಷ್ಟೇ' ಅಂದ್ರಿ. ಮೊನ್ನೆ ಏನಂದ್ರಿ?"

ತೊಕುಜಿ ಬೂಟು ಹಾಕಿಕೊಂಡನು. ಅರವತ್ತೆಂಟು ವರ್ಷದ ಸೊಂಟ ಬಗ್ಗಲು ಒಂದು ಸಲ, ನೆಟ್ಟಗಾಗಲು ಇನ್ನೊಂದು ಸಲ ನೊಂದಿತು.

ಬೇಸಿಗೆಯಲ್ಲಿ ಗದ್ದೆ ಉಳುವ ಅವನ ಸಣ್ಣ ಟ್ರ್ಯಾಕ್ಟರಿಗೆ ಚಳಿಗಾಲದಲ್ಲಿ ಬೇರೆ ಕೆಲಸ. ಹಿಂಭಾಗಕ್ಕೆ ಹಿಮ ಎಸೆಯುವ ಯಂತ್ರವನ್ನು ಜೋಡಿಸಿದರೆ, ಅದರ ಸುರುಳಿ ಅಲಗುಗಳು ಹಿಮವನ್ನು ಒಳಗೆಳೆದುಕೊಂಡು ಮೇಲಿನ ಕೊಳವೆಯಿಂದ ದೂರಕ್ಕೆ ಚಿಮ್ಮಿಸುತ್ತವೆ. ತೊಕುಜಿಯ ಮನೆಗೂ ಎದುರಿನ ಗೆನ್‌ಪೆಯಿಯ ಮನೆಗೂ ದೊಡ್ಡ ರಸ್ತೆಯವರೆಗೆ ಒಂದೇ ಓಣಿ. ಗೆನ್‌ಪೆಯಿಯ ಬಲಗೈಯಲ್ಲಿ ಎರಡು ಬೆರಳಿಲ್ಲ. ಇಂಥದೇ ಯಂತ್ರಕ್ಕೆ ಸಿಕ್ಕಿ ಅವನ್ನು ಕಳೆದುಕೊಂಡ ವರ್ಷವೇ ಅವನು ಆ ಯಂತ್ರವನ್ನು ಮಾರಿದನು. ಅಂದಿನಿಂದ ಇಡೀ ಓಣಿಯನ್ನು ತೊಕುಜಿಯೇ ತೆರೆಯುತ್ತಾನೆ. ಕೇಳಿದವರೂ ಇಲ್ಲ, ಒಪ್ಪಿಕೊಂಡವರೂ ಇಲ್ಲ. ಅದು ಹಾಗೆಯೇ ನಡೆದು ಬಂದಿದೆ.

ಆ ಓಣಿ ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಎಂಟು ಗಂಟೆಯೊಳಗೆ ತೆರೆದಿರಲೇಬೇಕು. ಗೆನ್‌ಪೆಯಿಯ ಹೆಂಡತಿ ಸೆತ್ಸುವಿನ ಮೂತ್ರಪಿಂಡಗಳು ಕೆಲಸ ಬಿಟ್ಟಿವೆ. ಆಸ್ಪತ್ರೆಯ ವ್ಯಾನು ಬಂದು ಅವಳನ್ನು ರಕ್ತಶುದ್ಧಿಗೆ ಕರೆದೊಯ್ಯುತ್ತದೆ.

ಅಂದು ಓಣಿಯ ಉದ್ದಕ್ಕೂ ಯಂತ್ರ ಚೆನ್ನಾಗಿಯೇ ನಡೆಯಿತು. ಕಷ್ಟವಾದದ್ದು ಓಣಿ ದೊಡ್ಡ ರಸ್ತೆಗೆ ಸೇರುವ ಬಾಯಲ್ಲಿ. ದೊಡ್ಡ ರಸ್ತೆಯನ್ನು ತೆರೆಯುವ ಪಟ್ಟಣದ ಗಾಡಿ ಮುಂಜಾನೆ ಹಾದುಹೋಗುವಾಗ, ಪ್ರತಿ ಓಣಿಯ ಬಾಯಿಗೂ ಒಂದು ಒಡ್ಡನ್ನು ತಳ್ಳಿ ಹೋಗಿರುತ್ತದೆ. ಅದು ಹಗುರವಾದ ಹೊಸ ಹಿಮವಲ್ಲ. ಚಕ್ರಕ್ಕೆ ಸಿಕ್ಕಿ ಒದ್ದೆಯಾಗಿ, ತುಳಿದ ಅನ್ನದಂತೆ ಅಂಟಾದ ಮುದ್ದೆ. ಅದಕ್ಕೆ ಬಾಯಿ ಹಾಕಿದ ಯಂತ್ರ ಎರಡು ಸಲ ಉಗುಳಿ ಮೂರನೆಯ ಸಲಕ್ಕೆ ಕೊಳವೆ ಕಟ್ಟಿಕೊಂಡಿತು.

ಎಂಟಕ್ಕೆ ಇನ್ನು ಕಾಲು ಗಂಟೆ ಉಳಿದಿತ್ತು. ತೊಕುಜಿ ಹಿಂಭಾಗದ ಯಂತ್ರದ ಗೇರನ್ನು ಬಿಡಿಸಿದನು. ಎಂಜಿನನ್ನು ನಿಲ್ಲಿಸಲಿಲ್ಲ. ಬ್ಯಾಟರಿ ಹಳೆಯದು, ಈ ಚಳಿಯಲ್ಲಿ ಒಮ್ಮೆ ನಿಂತರೆ ಮತ್ತೆ ಹತ್ತುವ ಭರವಸೆಯಿಲ್ಲ. ಹೊಸದನ್ನು ತರುವ ಮಾತು ಪ್ರತಿ ಚಳಿಗಾಲವೂ ವಸಂತದವರೆಗೆ ಹೋಗಿ, ವಸಂತದಲ್ಲಿ ನಾಟಿಯ ಕೆಲಸದ ನಡುವೆ ಮರೆತುಹೋಗುತ್ತಿತ್ತು. ಅವನು ಕೆಳಗಿಳಿದನು, ಬಲಗೈಯ ದಪ್ಪ ಕೈಗವಸನ್ನು ಕಳಚಿ ಚಕ್ರದ ಮೇಲಿಟ್ಟನು, ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಚಿದನು. ಕಟ್ಟಿದ ಕೊಳವೆಯನ್ನು ಕೈ ಹಾಕಿ ಬಿಡಿಸುವುದನ್ನು ಅವನು ಎಷ್ಟೋ ಚಳಿಗಾಲಗಳಿಂದ ಮಾಡುತ್ತ ಬಂದಿದ್ದನು.

ಅಷ್ಟರಲ್ಲಿ ಅವನ ಬೆನ್ನಿಗೆ ಒಂದು ಹಿಮದ ಉಂಡೆ ಬಂದು ಬಡಿಯಿತು. ಟೋಪಿಗೆ ಇನ್ನೊಂದು.

"ಯಾವನೋ ಅವನು!" ಎಂದು ತಿರುಗಿದರೆ, ಗೆನ್‌ಪೆಯಿ. ಒಂದು ಕೈಯಲ್ಲಿ ಉದ್ದನೆಯ ಮರದ ಕೋಲು, ಇನ್ನೊಂದರಲ್ಲಿ ಮೂರನೆಯ ಉಂಡೆ. ಅವನ ಹಿಂದೆ ಆಸ್ಪತ್ರೆಯ ಚೀಲ ಹಿಡಿದು ಸೆತ್ಸು.

"ಎಪ್ಪತ್ತಾರು ವರ್ಷಕ್ಕೆ ಹಿಮದಾಟನಾ, ಗೆನ್ ಅಣ್ಣ? ನನಗೆ ಪುರುಸೊತ್ತಿಲ್ಲ. ನಿಮ್ಮ ಮನೆಯವರ ವ್ಯಾನೇ ಬರ್ತಿರೋದು."

"ಕೂಗಿದ್ರೆ ನಿನಗೆ ಕೇಳುತ್ತಾ ಈ ಎಂಜಿನ್ ಗದ್ದಲದಲ್ಲಿ? ಕೈ ಹಾಕ್ತಿದ್ದೆಯಲ್ಲೋ!"

"ಗೇರು ಬಿಡಿಸಿದೀನಿ. ನೋಡಿ, ಅಲಗು ನಿಂತಿದೆ. ನಾನೇನು ಕುಡಿದಿಲ್ಲ."

ಆಡಿದ ಮೇಲೆ ತೊಕುಜಿಗೆ ಮಾತು ಹೆಚ್ಚಾಯಿತೆನಿಸಿತು. ಗೆನ್‌ಪೆಯಿಯ ಬೆರಳು ಹೋದದ್ದು ಕುಡಿತದಿಂದ ಎಂದು ಊರೆಲ್ಲ ನಂಬಿತ್ತು. ಅವನೆದುರಿಗೆ ಯಾರೂ ಆಡುತ್ತಿರಲಿಲ್ಲ ಅಷ್ಟೆ.

ಗೆನ್‌ಪೆಯಿ ಸಿಟ್ಟಾಗಲಿಲ್ಲ. ಚಕ್ರದ ಮೇಲಿದ್ದ ಕೈಗವಸನ್ನು ಎತ್ತಿಕೊಂಡು ಕೋಲಿನ ತುದಿಗೆ ಸಿಕ್ಕಿಸಿದನು. "ಅತ್ತ ಸರಿ. ಇನ್ನೂ ಅತ್ತ. ಸೆತ್ಸು, ನೀನೂ." ಯಂತ್ರದ ಪಕ್ಕಕ್ಕೆ, ಕೈ ಚಾಚಿದರೂ ಎಟುಕದಷ್ಟು ದೂರದಲ್ಲಿ ನಿಂತು, ಕೋಲನ್ನು ಕೊಳವೆಯೊಳಗೆ ಇಳಿಸಿ ಎರಡು ಸಲ ಕುಟ್ಟಿದನು. ಮುದ್ದೆ ಸಡಿಲಿತು.

ಕೊಳವೆಯ ಬುಡದಲ್ಲಿ ನಿಂತಿದ್ದ ಅಲಗು ತಾನಾಗಿಯೇ ಒಂದು ಸುತ್ತು ತಿರುಗಿತು. ಒಂದೇ ಸುತ್ತು, ಕೋಲು ಅವನ ಕೈಯಿಂದ ಹಾರಿ ಒಡ್ಡಿನ ಮೇಲೆ ಬಿದ್ದಿತು. ಅದರ ತುದಿಯಲ್ಲಿದ್ದ ಕೈಗವಸಿನಲ್ಲಿ ಹೆಬ್ಬೆರಳು ಮಾತ್ರ ಉಳಿದಿತ್ತು.

ಗೆನ್‌ಪೆಯಿ ಹೋಗಿ ಕೋಲನ್ನು ಹೆಕ್ಕಿಕೊಂಡು ಬಂದನು.

"ನಾನು ಈಗ ಮಾಡಿದ್ದೂ ತಪ್ಪೇ," ಎಂದನು ಗೆನ್‌ಪೆಯಿ. "ಎಂಜಿನ್ ಓಡ್ತಿರುವಾಗ ಕೋಲೂ ಹಾಕಬಾರದು. ಆದ್ರೆ ಬಾಯಲ್ಲಿ ಹೇಳಿದ್ರೆ ನೀನು ಕೇಳೋನಲ್ಲ. ಈ ಚಳಿಗೆ ಒಳಗಿನ ಎಣ್ಣೆ ಜೇನುತುಪ್ಪದ ಹಾಗೆ ಗಟ್ಟಿಯಾಗಿರುತ್ತೆ. ಗೇರು ಬಿಡಿಸಿದ್ರೂ ಅದು ಅಲಗನ್ನ ಮೆಲ್ಲಗೆ ಎಳೀತಾನೇ ಇರುತ್ತೆ. ಅಲಗು ನಿಂತಿರೋದು ಹಿಮ ತಡೆದಿರೋದಕ್ಕೆ. ಆ ತಡೆಯನ್ನ ನೀನೇ ಕೈಯಾರೆ ತೆಗೆದ್ರೆ?"

"ಹಾಗಾದ್ರೆ ಅವತ್ತು ನೀವು..."

"ನಾನೂ ಗೇರು ಬಿಡಿಸಿದ್ದೆ. ನಿನ್ನ ಹಾಗೇ. ಅವತ್ತು ಕುಡಿದಿದ್ದು ಒಂದು ಲೋಟ ಚಹಾ."

"ಮತ್ತೆ ಊರವರು ಕುಡುಕ ಅಂದಾಗ ಸುಮ್ಮನಿದ್ರಲ್ಲ ಅಣ್ಣ?"

"ಇವರಿಗೆ ಆ ಮಾತೇ ಹಗುರ ಆಗಿತ್ತು," ಎಂದಳು ಸೆತ್ಸು. "ಕುಡಿದು ಕಳ್ಕೊಂಡ ಅಂದ್ರೆ ಜನ ನಗ್ತಾರೆ. ದಿನಾ ಮಾಡೋ ಕೆಲಸದಲ್ಲಿ, ಎಚ್ಚರ ಇರುವಾಗಲೇ ಕಳ್ಕೊಂಡ ಅಂದ್ರೆ ಅಯ್ಯೋ ಅಂತಾರೆ. ಇವರಿಗೆ ಅಯ್ಯೋ ಅನ್ನಿಸ್ಕೊಳ್ಳೋದು ಆಗಲ್ಲ. ಈಗ ಎಂಜಿನ್ ನಿಲ್ಲಿಸು ತೊಕುಜಿ."

"ನಿಲ್ಲಿಸಿದ್ರೆ ಮತ್ತೆ ಹತ್ತಲ್ಲ ಅತ್ತಿಗೆ. ನಿಮ್ಮ ವ್ಯಾನು..."

"ವ್ಯಾನು ಹತ್ತು ನಿಮಿಷ ಕಾಯುತ್ತೆ. ಇವತ್ತು ನಿನ್ನ ಕೈ ಹೋದ್ರೆ ಬುಧವಾರ ನನಗೆ ಓಣಿ ಯಾರು ತೆಗೀತಾರೆ? ಈ ಎಂಟು ಬೆರಳಿನ ಮಹಾರಾಯನಾ?"

ತೊಕುಜಿ ಕೀಲಿ ತಿರುಗಿಸಿದನು. ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಅಲಗು ಪೂರ್ತಿ ನಿಂತದ್ದನ್ನು ಕಣ್ಣಿನಿಂದ ನೋಡಿ, ಪಕ್ಕಕ್ಕೆ ನಿಂತು ಕೋಲಿನಿಂದ ಕೊಳವೆಯನ್ನು ಬಿಡಿಸಿದನು. ಅನಂತರ ಕೀಲಿ ತಿರುಗಿಸಿದರೆ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅವನು ಹೆದರಿದ್ದೇ ಆಯಿತು.

ಆದರೆ ಆದದ್ದು ಅಷ್ಟೇ. ಉಳಿದ ಒಡ್ಡನ್ನು ಸಲಿಕೆಯಲ್ಲಿ ಒಡೆದರು. ಸದ್ದು ನಿಂತದ್ದನ್ನು ಕೇಳಿ ಫುಮಿಎ ಗಾಬರಿಯಿಂದ ಓಡಿ ಬಂದು, ಹರಿದ ಕೈಗವಸನ್ನು ನೋಡಿ ಗಂಡನ ಎರಡೂ ಕೈಗಳನ್ನು ತಿರುವಿ ಮುರುವಿ ಪರೀಕ್ಷಿಸಿ, ತಾನೂ ಸಲಿಕೆ ಹಿಡಿದಳು. ವ್ಯಾನಿನ ಚಾಲಕನೂ ಇಳಿದು ಕೈಜೋಡಿಸಿದನು. ಸೆತ್ಸು ಹೊರಟದ್ದು ಹನ್ನೆರಡು ನಿಮಿಷ ತಡವಾಗಿ. ಆಸ್ಪತ್ರೆಯವರು ಏನೂ ಅನ್ನಲಿಲ್ಲ.

ಸಂಜೆ ಗೆನ್‌ಪೆಯಿ ತೊಕುಜಿಯ ಮನೆಗೆ ಬಂದನು. ಹೊರಗೆ ಹಿಮ ಮತ್ತೆ ಬೀಳತೊಡಗಿತ್ತು.

"ಯಂತ್ರ ಕೊಂಡಾಗ ಕೊಳವೆ ಬಿಡಿಸೋಕೆ ಅದರ ಜೊತೇಲೇ ಒಂದು ಪ್ಲಾಸ್ಟಿಕ್ ಕೋಲು ಬಂದಿತ್ತಲ್ಲ. ಎಲ್ಲಿ ಅದು?"

ತೊಕುಜಿ ಹೆಂಡತಿಯನ್ನು ನೋಡಿದನು. ಹೆಂಡತಿ ಉಪ್ಪಿನಕಾಯಿಯ ಪೀಪಾಯಿಯನ್ನು ನೋಡಿದಳು.

"ಮೂಲಂಗಿ ಒತ್ತೋಕೆ ಇಟ್ಕೊಂಡಿದೀನಿ," ಎಂದಳು. "ಎರಡು ವರ್ಷ ಆಯ್ತು. ಇವರು ಒಂದು ದಿನ ಆದ್ರೂ ಕೇಳಿದ್ರೆ ತಾನೆ?"

"ನೀನು ತಗೊಂಡಿದ್ದು ನನಗೇನು ಗೊತ್ತು?"

"ಕೋಲಿನಲ್ಲಿ ಒತ್ತಿದ ಮೂಲಂಗಿ ದಿನಾ ತಿಂದ್ರಿ. ಕೋಲು ಎಲ್ಲಿ ಅಂತ ಹೊಳೀಲಿಲ್ಲ."

ನಗುವಷ್ಟು ಶಕ್ತಿ ಯಾರಲ್ಲೂ ಇರಲಿಲ್ಲವಾದರೂ ಮೂವರೂ ಸ್ವಲ್ಪ ನಕ್ಕರು. ಅನಂತರ ಗೆನ್‌ಪೆಯಿ ಹೇಳಿದಂತೆ ತೊಕುಜಿ ಬ್ಯಾಟರಿಯನ್ನು ಕಳಚಿ ತಂದು ಬಾಗಿಲ ಒಳಗೆ, ಬೂಟುಗಳ ಪಕ್ಕದಲ್ಲಿಟ್ಟನು. ಬೆಚ್ಚಗಿದ್ದ ಬ್ಯಾಟರಿ ಬೆಳಿಗ್ಗೆ ಹೆಚ್ಚು ಗೊಣಗುವುದಿಲ್ಲ. ಹೊಸದು ಬರುವವರೆಗೆ ದಿನವೂ ಹೀಗೆಯೇ. ಹೊಸದು ಈ ವಾರವೇ ಬರಬೇಕೆಂದು ಫುಮಿಎ ಅಲ್ಲಿಯೇ ತೀರ್ಮಾನಿಸಿದಳು.

"ಒದ್ದೆ ಹಿಮದ ದಿನ ಆರು ಸಲ ಕಟ್ಟುತ್ತೆ," ಎಂದನು ತೊಕುಜಿ ದಣಿದ ದನಿಯಲ್ಲಿ. "ಪ್ರತಿ ಸಲ ನಿಲ್ಲಿಸಿ, ಬಿಡಿಸಿ, ಮತ್ತೆ ಹೊರಡಿಸೋಕೆ ಮೂರು ನಿಮಿಷ. ಹದಿನೆಂಟು ನಿಮಿಷ ಆಯ್ತು. ನನಗೆ ಈಗಲೇ ನಿದ್ದೆ ಸಾಲದು."

"ಹದಿನೆಂಟು ನಿಮಿಷ ಮುಂಚೆ ನಾನು ಎಬ್ಬಿಸ್ತೀನಿ," ಎಂದಳು ಫುಮಿಎ. "ನೀವು ಗಾಡಿಯಿಂದ ಇಳಿದಾಗೆಲ್ಲ ನಾನು ಬಾಗಿಲಲ್ಲಿ ನಿಂತು ನೋಡ್ತಿರ್ತೀನಿ. ಇನ್ಮೇಲೆ ಒಬ್ಬರೇ ಹೋಗೋದು ಬೇಡ. ಕೀಲಿ ಜೇಬಿಗೆ ಹಾಕಿದ್ದು ಕಾಣದೆ ಇದ್ರೆ ಹಿಮದ ಉಂಡೆ ನನಗೂ ಎಸೆಯೋಕೆ ಬರುತ್ತೆ."

ತೊಕುಜಿ ತಲೆ ಆಡಿಸಿದನು. ಅವನ ಒಪ್ಪಿಗೆ ಯಾವಾಗಲೂ ಅಷ್ಟೇ ಇರುತ್ತದೆ.

ಹೊರಡುವಾಗ ಗೆನ್‌ಪೆಯಿ ತನ್ನ ಕೋಲನ್ನು ಎರಡೂ ಕೈಗಳಲ್ಲಿ ಹಿಡಿದು, ಸ್ವಲ್ಪ ಬಾಗಿ, ಅವನ ಮುಂದೆ ಚಾಚಿದನು. ಚೆರ್ರಿ ಮರದ್ದು. ತುದಿಯಲ್ಲಿ ಬೆಳಗಿನ ಅಲಗಿನ ಕಚ್ಚು ಹೊಸದಾಗಿತ್ತು.

"ಮೂಲಂಗಿಯ ಕೋಲು ಮೂಲಂಗಿಗೇ ಇರಲಿ. ಇದನ್ನ ನಾನೇ ಕೆತ್ತಿದ್ದು. ಬೆರಳು ಹೋದ ಮೇಲೆ ಕೆತ್ತಿದೆ, ಅಂಥ ಬುದ್ಧಿವಂತ ನಾನು. ಇಟ್ಕೋ. ಕೊಟ್ಟದ್ದಲ್ಲ, ಸಾಲ."

"ಯಾವಾಗ ತೀರಿಸಬೇಕು?"

"ಹಿಮ ಕರಗಿದ ದಿನ. ಎರಡೂ ಕೈಯಲ್ಲಿ ಹಿಡಿದು ತಂದುಕೊಡು. ನಾನು ಬೆರಳು ಎಣಿಸಿ ತಗೋತೀನಿ. ಹತ್ತಕ್ಕೆ ಒಂದು ಕಡಿಮೆಯಾದ್ರೂ ವಾಪಸು ತಗೊಳ್ಳಲ್ಲ."

ಈ ಕಥೆಯನ್ನು ಓದಿದವರೇ, ಕೇಳಿದವರೇ, ನಾಳೆ ಬೆಳಿಗ್ಗೆ ನಿಮ್ಮ ಓಣಿಯಲ್ಲೂ ಯಂತ್ರ ಕಟ್ಟಿಕೊಳ್ಳುತ್ತದೆ. ನಿಮಗೂ ದಣಿವಿರುತ್ತದೆ, ಯಾರದೋ ವ್ಯಾನು ಕಾಯುತ್ತಿರುತ್ತದೆ. ಆಗ ಗೇರು ಬಿಡಿಸಿದ್ದೇನೆಂದು ನಂಬಿ ಕೈಯಿಡಬೇಡಿ. ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿ. ಅಲಗು ನಿಂತದ್ದನ್ನು ನೋಡಿದ ಮೇಲೂ ಕೋಲನ್ನೇ ಬಳಸಿ, ಪಕ್ಕಕ್ಕೆ ನಿಂತೇ ಬಳಸಿ. ಹೊರಗೆ ಹೋಗುವ ಮುನ್ನ ಮನೆಯವರಿಗೋ ನೆರೆಯವರಿಗೋ ಹೇಳಿ ಹೋಗಿ. ಕೋಲು ಎಲ್ಲಿದೆಯೆಂದು ಇವತ್ತೇ ಹುಡುಕಿ. ಮೊದಲು ಉಪ್ಪಿನಕಾಯಿಯ ಪೀಪಾಯಿಯ ಬಳಿ ನೋಡಿ.

ತೊಕುಜಿಯ ಸಾಲ ಇನ್ನೂ ತೀರಿಲ್ಲ. ಹಿಮ ಬೀಳುತ್ತಲೇ ಇದೆ.