ಉಣ್ಣೆ ಟೋಪಿಯೊಳಗಿನ ಜಡೆ

ನೈಮಾಳ ತಲೆಯ ಮೇಲಿನ ಉಣ್ಣೆ ಟೋಪಿಯನ್ನು ನಾನು ಹನ್ನೆರಡು ದಿನ ತೆಗೆದಿರಲಿಲ್ಲ. ಥಂಡಿ ಎಂದು ನೆಪ ಹೇಳುತ್ತಿದ್ದೆ. ಡಿಸೆಂಬರ್ ತಿಂಗಳು, ಓಕ್ಲಂಡಿನ ನಮ್ಮ ಅಪಾರ್ಟ್‌ಮೆಂಟಿನ ಹೀಟರು ಕೆಟ್ಟು ಕೂತಿತ್ತು, ಮಗುವಿಗೆ ಕಿವಿ ಮುಚ್ಚುವ ಟೋಪಿ ಹಾಕಿದರೆ ತಪ್ಪೇನು? ನಿಜ ಬೇರೆ ಇತ್ತು. ಆರು ವರ್ಷದ ಹುಡುಗಿಯ ತಲೆ ನೋಡಲು ನನಗೆ ಹೆದರಿಕೆ.

ನೈಮಾ ನನ್ನ ಹೆಂಡತಿ ವರ್ಲೀನಳ ಮಗಳು. ವರ್ಲೀನ್ ಇಲ್ಲಿಯ ಕಪ್ಪು ಜನರ ಹೆಣ್ಣುಮಗಳು. ಮಗಳ ಸುರುಳಿ ಕೂದಲನ್ನು ಚಿಕ್ಕ ಚಿಕ್ಕ ಪಾಲು ಮಾಡಿ, ಬೆರಳಲ್ಲಿ ಹುರಿ ಹಾಕಿ, ಹಗ್ಗದಂತೆ ಗಟ್ಟಿಯಾಗಲು ಬಿಟ್ಟಿದ್ದಳು. ಲಾಕ್ಸ್ ಅನ್ನುತ್ತಾರೆ. ಎರಡು ವರ್ಷದ ಕೆಲಸ ಅದು.

ನಮ್ಮ ಸವದತ್ತಿ ಕಡೆ ಅದಕ್ಕೆ ಜಡಿ ಅನ್ನುತ್ತಾರೆ. ಮೈಸೂರು ಕಡೆಯವರಿಗೆ ಜಡೆ ಎಂದರೆ ಮಲ್ಲಿಗೆ ಮುಡಿಯಲು ಹೆಣೆದ ಕೂದಲು. ನಮಗೆ ಅದು ದೇವಿ ಎಲ್ಲವ್ವನ ಕರೆ. ನನ್ನ ಅಕ್ಕ ಬಂಗಾರೆವ್ವನಿಗೆ ಒಂಬತ್ತು ವರ್ಷವಿದ್ದಾಗ ಜ್ವರ ಬಂತು. ಒಂದು ತಿಂಗಳು ಎಣ್ಣೆಯಿಲ್ಲ, ಬಾಚಣಿಗೆಯಿಲ್ಲ, ಕೂದಲು ಗಂಟು ಬಿತ್ತು. ಆದದ್ದು ಇಷ್ಟೇ. ಹಿರಿಯರೆಂಬವರು ಬಂದು ತಲೆಗೆ ಭಂಡಾರದ ಅರಿಸಿನ ಹಚ್ಚಿ, 'ಜಡಿ ಬಿದ್ದೈತಿ, ದೇವರಿಗೆ ಬಿಡ್ರಿ' ಅಂದರು. ಕೊರಳಿಗೆ ಮುತ್ತು ಕಟ್ಟಿದರು. ಮುತ್ತು ಕಟ್ಟಿದ ಹುಡುಗಿಯನ್ನು ದೇವರಿಗೆ ಬಿಡುವುದೆಂದರೆ ಊರ ಗಂಡಸರಿಗೆ ಬಿಡುವುದು. ಇಪ್ಪತ್ತೊಂದು ತುಂಬುವ ಮೊದಲೇ ಅಕ್ಕ ಸತ್ತಳು. ಒಂದು ಕತ್ತರಿ ಸಾಕಿತ್ತು. ನಮ್ಮ ಮನೆಯಲ್ಲಿ ಒಬ್ಬರಿಗೂ ಕೈ ಏಳಲಿಲ್ಲ. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟು ಆ ಊರಿನಿಂದ ಓಡಿದೆ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ, ನೈಮಾ ಮಲಗಿದ್ದಾಗ, ನನ್ನ ಕೈಯಲ್ಲಿ ಕತ್ತರಿಯಿತ್ತು. ವರ್ಲೀನ್ ನೋಡಿಬಿಟ್ಟಳು. ಕೂಗಲಿಲ್ಲ. "ಅವಳ ತಲೆಯ ಒಂದು ಎಳೆಗೆ ಕತ್ತರಿ ತಾಗಿದರೂ ಈ ಮನೆಯಲ್ಲಿ ನೀನಿಲ್ಲ" ಅಂದಳು, ಅಷ್ಟೇ. ಈಗ ಅವಳ ತಾಯಿಗೆ ಆಪರೇಷನ್ನು ಎಂದು ಲೂಸಿಯಾನಾಕ್ಕೆ ಹೋಗಿ ಹನ್ನೆರಡು ದಿನವಾಗಿತ್ತು. ಬೇರೆ ಯಾರೂ ಇರಲಿಲ್ಲ, ಮಗುವನ್ನು ನನ್ನ ಬಳಿಯೇ ಬಿಟ್ಟಳು. ನಾಳೆ ಬರುವವಳಿದ್ದಳು.

ಶನಿವಾರಗಳಂದು ನಾನು ಸ್ಯಾನ್ ರಮೋನಿನ ಡಾಕ್ಟರ್ ಕೆಂಪರಾಜು ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ನನ್ನನ್ನು ಈ ದೇಶಕ್ಕೆ ಕರೆತಂದವರೇ ಅವರು. ಹಾಗಾಗಿ ಇಂದಿಗೂ ನಾನು ಅವರ ಬಾಯಲ್ಲಿ 'ಬಸ್ಯ'. ಬಸವಂತಪ್ಪ ಅನ್ನಲು ಅವರ ನಾಲಿಗೆ ಸವೆಯುತ್ತದೆ. ಆ ದಿನ ನೈಮಾಳನ್ನೂ ಕರೆದುಕೊಂಡು, ಅವಳಮ್ಮ ತುಂಬಿಟ್ಟಿದ್ದ ಚೀಲ ಹಿಡಿದು ಹೋದೆ. ಮನೆಯೊಳಗೆ ಬೇಸಿಗೆಯಂತೆ ಬಿಸಿ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಮಂಡ್ಯದಿಂದ ಬಂದಿದ್ದ ಡಾಕ್ಟರ ತಾಯಿ ಜವರಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು, "ಯಾಕವ್ವ, ಒಳಗೂ ಕುಲಾವಿ? ಬೆವರ್ತಿದ್ದೀಯಲ್ಲೇ" ಎಂದು ಟೋಪಿ ಎಳೆದರು.

ಟೋಪಿ ಬರಲಿಲ್ಲ. ಕೂದಲಿಗೆ ಕಚ್ಚಿಕೊಂಡಿತ್ತು. ಇನ್ನೊಮ್ಮೆ ಎಳೆದಾಗ ಕಿತ್ತು ಬಂತು, ನೈಮಾ ಚೀರಿದಳು.

ನಾನು ಓಡಿ ಬಂದು ನೋಡಿದೆ. ತಲೆಯ ಚರ್ಮ ಬೂದಿ ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು, ಕೆರೆದ ಕಡೆ ರಕ್ತ ಒಣಗಿತ್ತು. ಲಾಕ್ಸಿನ ತುಂಬ ಕೆಂಪು ಉಣ್ಣೆಯ ಜೂಲು. ಬಲಗಿವಿಯ ಹಿಂದೆ ಮೂರು ಲಾಕ್ಸ್ ಬುಡದಲ್ಲಿ ಸೇರಿ, ಒಂದೇ ದಪ್ಪ ಗಂಟಾಗಿದ್ದವು. ಥೇಟ್ ಬಂಗಾರೆವ್ವನದು. ನಾನೇ ಮಾಡಿದ್ದೆ ಅದನ್ನು, ನನ್ನ ಟೋಪಿಯಿಂದ.

ಜವರಮ್ಮ ಎದ್ದು ನಿಂತು ಕೈ ಮುಗಿದರು. "ಅಯ್ಯೋ ತಾಯಿ! ದೇವರ ಜಡೆ ಕಣ್ಲಾ ಬಸ್ಯ, ಇದು!"

"ಅತ್ತೆ, ಅದು ಡ್ರೆಡ್‌ಲಾಕ್ಸು. ಇಲ್ಲಿ ಫ್ಯಾಷನ್ನು" ಎಂದಳು ಸೊಸೆ ಇಂದು, ಡಾಕ್ಟರ ಹೆಂಡತಿ, ಸೋಫಾದಿಂದ ಏಳದೆ.

"ನಿಂಗೇನು ಗೊತ್ತು, ಸುಮ್ಕಿರು. ಕತ್ರಿ ಗಿತ್ರಿ ಸೋಕಿಸ್ಬ್ಯಾಡಿ. ಅರಿಸಿನ ಇಕ್ಕಿ ದೇವ್ರಿಗೆ ಬುಡಿ."

ದೇವರಿಗೆ ಬಿಡಿ. ಏಳು ಸಮುದ್ರ ದಾಟಿ ಬಂದರೂ ಈ ಮಾತು ನನಗಿಂತ ಮೊದಲೇ ಬಂದು ಕೂತಿತ್ತು. ಅವರು ದೇವರ ಮುಂದಿನ ಬಟ್ಟಲು ತಂದು, ಅರಿಸಿನದ ಬೆರಳನ್ನು ಮಗುವಿನ ತಲೆಯತ್ತ ಚಾಚಿದರು. ನಾನು ಬಟ್ಟಲನ್ನು ಕೈಯಿಂದ ಹೊಡೆದೆ. ಬಿಳಿ ಕಾರ್ಪೆಟ್ಟಿನ ಮೇಲೆಲ್ಲ ಹಳದಿ.

"ಮುಟ್ಟಬ್ಯಾಡ್ರಿ! ಒಬ್ಬಾಕಿನ್ನ ತಿಂದೀರಿ, ಸಾಲಲಿಲ್ಲೇನು?"

"ಬಸ್ಯ! ತಲೆ ಕೆಟ್ಟಿದೆಯಾ? ಅತ್ತೆ ಏನು ಮಾಡಿದ್ರು ನಿಂಗೆ? ಕಾರ್ಪೆಟ್ಟು!" ಇಂದು ಕೂಗುತ್ತಿದ್ದಳು.

ನೈಮಾಳನ್ನೂ ಅವಳ ಚೀಲವನ್ನೂ ಎತ್ತಿಕೊಂಡು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿದೆ. ದಾರಿಯಲ್ಲಿ ಅಡುಗೆಮನೆಯ ಕತ್ತರಿ ಯಾವಾಗ ನನ್ನ ಕೈಗೆ ಬಂತೋ ಗೊತ್ತಿಲ್ಲ.

ಅವಳು ಕಮೋಡಿನ ಮುಚ್ಚಳದ ಮೇಲೆ ಕೂತು ಕತ್ತರಿಯನ್ನೇ ನೋಡಿದಳು. ಅಳಲಿಲ್ಲ. ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು: "ಬಾಸ್, ಕತ್ತರಿಸ್ತೀಯಾ?" ಬಸವಂತಪ್ಪ ಅವಳ ಬಾಯಲ್ಲಿ 'ಬಾಸ್'.

ಹೊರಗೆ ಜವರಮ್ಮ ಬಾಗಿಲು ಬಡಿಯುತ್ತಿದ್ದರು. "ಕತ್ರಿಸ್ಬ್ಯಾಡ ಕಣಪ್ಪ, ಮನೆಗೆ ಒಳ್ಳೇದಾಗಲ್ಲ!"

ಆ ಮುದುಕಿಯ ಮಾತು ಸುಳ್ಳು ಮಾಡಲಾದರೂ ಕತ್ತರಿಸಬೇಕು ಅನಿಸಿತು. ಆದರೆ ಮಗು ತಲೆ ಮುಚ್ಚಿಕೊಂಡ ರೀತಿ ನನಗೆ ಗೊತ್ತಿತ್ತು. ಮುತ್ತು ಕಟ್ಟುವ ದಿನ ಅಕ್ಕನೂ ಹಾಗೇ ಮುಚ್ಚಿಕೊಂಡಿದ್ದಳು. ಅವಳನ್ನೂ ಯಾರೂ ಕೇಳಿರಲಿಲ್ಲ.

ಕತ್ತರಿಯನ್ನು ಟವೆಲಿನ ಕಪಾಟಿನ ಮೇಲೆ, ಅವಳ ಕೈಗೆಟುಕದ ಕಡೆ ಇಟ್ಟೆ. "ಇಲ್ಲ. ನಿಮ್ಮಮ್ಮ ಹೇಗೆ ಮಾಡ್ತಾಳೆ, ಹೇಳಿಕೊಡು."

"ಒಣಗಿದ್ದಾಗ ಎಳೀಬಾರದು, ಮುರಿಯುತ್ತೆ. ಮೊದಲು ನೀರು. ನನ್ನ ಬಾಟಲಿಯ ನೀರು. ಅಮ್ಮ ಕೊಟ್ಟ ಹೊಳೆಯೋ ಟೋಪಿ ಯಾಕೆ ಹಾಕಲಿಲ್ಲ ನೀನು? ಉಣ್ಣೆ ಕೂದಲಿನ ನೀರೆಲ್ಲ ಕುಡಿಯುತ್ತೆ. ಎಲ್ಲರಿಗೂ ಗೊತ್ತು."

ಚೀಲದಲ್ಲಿ ಎರಡೂ ಇದ್ದವು: ಒಳಗೆ ಸ್ಯಾಟಿನ್ ಹೊಲಿದ ಟೋಪಿ, ಮತ್ತು ಗುಲಾಬಿ ನೀರು, ಗ್ಲಿಸರಿನ್ ಬೆರೆಸಿದ ಬಾಟಲಿ. ಜೊತೆಗೆ ಎಣ್ಣೆ ಸೀಸೆ, ಕೂದಲ ಪಿನ್ನುಗಳು. ನೀರಿನ ಬಾಟಲಿ ಪೂರಾ ತುಂಬಿತ್ತು, ನಾನು ಮುಟ್ಟಿರಲಿಲ್ಲ. ಹನ್ನೆರಡು ದಿನ.

ಸಿಂಪಡಿಸಿ, ಗಂಟಿನ ಬುಡಕ್ಕೆ ಬೆರಳು ಹಾಕಿದೆ. ಅದು ಬೆಚ್ಚಗಿತ್ತು, ಸ್ಪಂಜಿನಂತೆ ಮೆತ್ತಗಿತ್ತು. ಹಾವು ಹಿಡಿದ ಹಾಗಾಯಿತು. ಕಣ್ಣು ಮುಚ್ಚಿದೆ.

"ಕಣ್ಣು ತೆರಿ, ಪೆದ್ದ! ನೋಡದೆ ಹೇಗೆ ಬಿಡಿಸ್ತೀಯಾ?"

ತೆರೆದೆ. ಉಣ್ಣೆಯ ಎಳೆಗಳನ್ನು ಪಿನ್ನಿನಿಂದ ಒಂದೊಂದಾಗಿ ಹೆಕ್ಕಿದೆ. ಎರಡು ಲಾಕ್ಸ್‌ಗಳ ಬುಡ ಹಿಡಿದು ಅಗಲಿಸಿದಾಗ ಕೂದಲು ಸಣ್ಣಗೆ ಚಟಚಟ ಅಂದಿತು. ಮತ್ತೆ ನೀರು, ಮತ್ತೆ ಪಿನ್ನು. ಅರ್ಧ ಗಂಟೆಗೆ ಮೊದಲನೆಯದು ಬೇರಾಯಿತು. ಜವರಮ್ಮ ಬಡಿಯುವುದನ್ನು ನಿಲ್ಲಿಸಿದ್ದರು. ಇಂದು ಬಾಗಿಲ ಸಂದಿಯಿಂದ ಮೆಲ್ಲಗೆ, "ಬಸವಂತಪ್ಪ, ಹೇರ್ ಡ್ರೈಯರ್ ಬೇಕಾ? ಒದ್ದೆ ತಲೇಲಿ ಹೊರಗೆ ಹೋಗ್ಬೇಡ, ಫ್ರಾಸ್ಟು ಬಿದ್ದಿದೆ" ಅಂದಳು. ಬೇಡ ಎಂದು ಬೈಯಬೇಕೆಂದಿದ್ದವನು ಬಾಗಿಲು ಬೆರಳಗಲ ತೆಗೆದು ಇಸಿದುಕೊಂಡೆ.

ಮೂರನೆಯದು ಬಿಡುವಾಗ ಬುಡ ದಾರದಷ್ಟು ಸಣ್ಣದಾಯಿತು. ಏಳೆಂಟು ಕೂದಲ ಮೇಲೆ ಎರಡು ವರ್ಷದ ಕೆಲಸ ನೇತಾಡುತ್ತಿತ್ತು. ನಾನು ಕೈ ತೆಗೆಯಲೂ ಹೆದರಿ ಹಾಗೇ ಹಿಡಿದು ನಿಂತೆ.

"ಮುರೀತಾ?" ಎಂದಳು ನೈಮಾ, ಕತ್ತು ಅಲುಗಿಸದೆ.

"ಇನ್ನೂ ಇಲ್ಲ."

"ಪಕ್ಕದ ಹೊಸ ಕೂದಲು ಸೇರಿಸಿ ಹುರಿ ಹಾಕು. ಬಲಕ್ಕೆ. ಎಲ್ಲಾ ಬಲಕ್ಕೇ."

ಬಲಕ್ಕೆ ಹುರಿ ಹಾಕಿದೆ. ಡ್ರೈಯರನ್ನು ಸಣ್ಣಗೆ ಇಟ್ಟು ದೂರದಿಂದ ಗಾಳಿ ಬಿಟ್ಟೆ. ನಾಳೆ ವರ್ಲೀನ್ ಮೊದಲು ಕಿವಿಯ ಹಿಂದೆಯೇ ನೋಡುತ್ತಾಳೆ. ಅವಳು ಕೇಳುವ ಮುಂಚೆ ನಾನೇ ಹೇಳಬೇಕು. ಈವರೆಗೆ ಅವಳಿಗೆ ಹೇಳದ ಅಕ್ಕನ ಹೆಸರು ಹಿಡಿದು ಹೇಳಬೇಕು. ಹೇಳಿದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುತ್ತಾಳೋ ಇಲ್ಲವೋ.

"ಬಾಸ್, ನೀನು ಹೆದರಿದ್ದೀಯಾ?"

"ಹೂಂ."

"ಪರವಾಗಿಲ್ಲ. ಎಣ್ಣೆ ಎರಡೇ ಹನಿ. ಜಾಸ್ತಿ ಸುರೀಬೇಡ."